ಪ್ರತ್ಯರ್ಪಣೆಯ ತರುವಾಯ: ಶಾಲೆಯ ಬಾಗಿಲೂ ಸಭೆಯ ಬಾಗಿಲೂ

ಬಹುದೂರದ ಎರಡು ನಾಡುಗಳು, ಒಂದನ್ನೊಂದು ಅರಿಯದೆಯೆ, ಒಂದೇ ಪ್ರಶ್ನೆಯ ಮುಂದೆ ಬಂದು ನಿಲ್ಲುವುದು ಚರಿತ್ರೆಯಲ್ಲಿ ಅಪರೂಪವೇನಲ್ಲ. 1877ನೆಯ ಇಸವಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಕೇಂದ್ರ ಸರ್ಕಾರವು ದಕ್ಷಿಣದ ರಾಜ್ಯಗಳಲ್ಲಿ ಇರಿಸಿದ್ದ ತನ್ನ ಸೇನೆಯ ಕಾವಲನ್ನು ತೆಗೆದುಹಾಕಿತು. ನಾಲ್ಕು ವರ್ಷಗಳ ತರುವಾಯ, 1881ನೆಯ ಮಾರ್ಚಿ 25ರಂದು, ಐವತ್ತು ವರ್ಷಗಳ ಕಮಿಷನರ ಆಡಳಿತ ಮುಗಿದು ಮೈಸೂರು ರಾಜ್ಯವು ಶ್ರೀ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ಇದನ್ನೇ ನಮ್ಮ ಚರಿತ್ರೆಯಲ್ಲಿ ಪ್ರತ್ಯರ್ಪಣೆ ಎನ್ನುತ್ತೇವೆ.

ಈ ಎರಡು ಸಂಗತಿಗಳಿಗೆ ಕಾರ್ಯಕಾರಣ ಸಂಬಂಧವಿಲ್ಲ. ಆದರೆ ಎರಡು ಕಡೆಯಲ್ಲಿಯೂ ಹೊರಗಿನವರ ಮೇಲ್ವಿಚಾರಣೆ ಕೊನೆಗೊಂಡು, ಅಧಿಕಾರವು ನಾಡಿನ ಪ್ರತಿಷ್ಠಿತರ ಕೈಗೆ ಬಂದಿತು. ಎರಡು ಕಡೆಯಲ್ಲಿಯೂ ಆ ಪ್ರತಿಷ್ಠಿತರ ಬೇಲಿಯಾಚೆ ಒಂದು ದೊಡ್ಡ ಜನವರ್ಗ ನಿಂತಿತ್ತು. ಆ ಜನರ ಪಾಲಿಗೆ ಈ ಬದಲಾವಣೆಯಿಂದ ಏನು ದೊರೆಯಿತು, ಏನು ದೊರೆಯದೆ ಹೋಯಿತು ಎಂಬುದನ್ನು ವಿಚಾರಿಸುವುದೇ ಈ ಭಾಷಣದ ಉದ್ದೇಶ.

ಮೊದಲು ದೂರದ ನಾಡಿನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1865ರಲ್ಲಿ ಅಂತರ್ಯುದ್ಧ ಮುಗಿದು ಅಮೆರಿಕದಲ್ಲಿ ಗುಲಾಮಗಿರಿ ರದ್ದಾಯಿತು. 1870ರಲ್ಲಿ ರಾಜ್ಯಾಂಗಕ್ಕೆ ಸೇರಿದ ಹದಿನೈದನೆಯ ತಿದ್ದುಪಡಿಯು ವರ್ಣದ ಕಾರಣದಿಂದ ಯಾರ ಮತದ ಹಕ್ಕನ್ನೂ ಕಸಿಯಕೂಡದೆಂದು ವಿಧಿಸಿತು. ಸೇನೆಯ ಕಾವಲಿರುವವರೆಗೆ ಈ ವಿಧಿ ಹೇಗೋ ನಡೆಯಿತು. ಕಾವಲು ತೊಲಗಿದ ಮೇಲೆ ದಕ್ಷಿಣದ ರಾಜಕಾರಣಿಗಳು ಅದನ್ನು ಬುಡಮೇಲು ಮಾಡುವ ದಾರಿಗಳನ್ನು ಹುಡುಕಿದರು. 1890ರಲ್ಲಿ ಮಿಸಿಸಿಪಿ ರಾಜ್ಯವು ಹೊಸ ಸಂವಿಧಾನವನ್ನು ಬರೆದುಕೊಂಡಿತು. ಮತ ನೀಡಬೇಕಾದರೆ ತಲೆಗಂದಾಯ ಕಟ್ಟಿರಬೇಕು. ಸಂವಿಧಾನದ ಯಾವುದಾದರೂ ಭಾಗವನ್ನು ಓದಬೇಕು, ಇಲ್ಲವೆ ಓದಿ ಹೇಳಿದರೆ ಅರ್ಥ ಬಿಡಿಸಬೇಕು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಗುಮಾಸ್ತ. ಆ ಶಾಸನದಲ್ಲಿ ಕರಿಯ ಜನರ ಹೆಸರೇ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ.

ಲೂಯಿಸಿಯಾನ ರಾಜ್ಯದ ಅಂಕಿಗಳು ಇದರ ಫಲವನ್ನು ತಿಳಿಸುತ್ತವೆ. 1896ರಲ್ಲಿ ಅಲ್ಲಿ 1,30,000ಕ್ಕೂ ಹೆಚ್ಚು ಮಂದಿ ಕರಿಯರು ಮತದಾರರ ಪಟ್ಟಿಯಲ್ಲಿದ್ದರು. 1898ರಲ್ಲಿ ಹೊಸ ಸಂವಿಧಾನ ಬಂದಿತು. 1900ರ ಹೊತ್ತಿಗೆ ಆ ಸಂಖ್ಯೆ ಸುಮಾರು 5,300ಕ್ಕೆ ಇಳಿಯಿತು. 1904ರಲ್ಲಿ ಸುಮಾರು 1,300. ಅದೇ ರಾಜ್ಯದ ರೈಲುಗಾಡಿಗಳಲ್ಲಿ ಬಿಳಿಯರಿಗೊಂದು, ಕರಿಯರಿಗೊಂದು ಬಂಡಿಯಿರಬೇಕೆಂಬ ಕಾಯಿದೆಯನ್ನು ಹೋಮರ್ ಪ್ಲೆಸಿ ಎಂಬಾತ ಪ್ರಶ್ನಿಸಿದಾಗ, 1896ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯವು ಸೌಕರ್ಯಗಳು ಸಮವಾಗಿದ್ದರೆ ಬೇರ್ಪಡಿಸುವುದು ತಪ್ಪಲ್ಲವೆಂದು ತೀರ್ಪಿತ್ತಿತು. ಒಂದು ಕೈ ಮತವನ್ನು ಕಿತ್ತುಕೊಂಡಿತು, ಇನ್ನೊಂದು ಕೈ ಗೋಡೆಯನ್ನು ಕಟ್ಟಿತು. ಮತವಿಲ್ಲದವನಿಗೆ ಆ ಗೋಡೆಯನ್ನು ಕೆಡಹುವ ಉಪಾಯವಿರಲಿಲ್ಲ.

ಈ ಕಥೆಗೂ ನಮಗೂ ನಂಟೇನು ಎಂದು ತಾವು ಕೇಳಬಹುದು. ನಂಟನ್ನು ಮೊದಲು ಕಂಡವರು ನಮ್ಮ ದೇಶದವರೇ. ಪುಣೆಯ ಜ್ಯೋತಿರಾವ್ ಫುಲೆಯವರು 1873ರಲ್ಲಿ ಪ್ರಕಟಿಸಿದ ತಮ್ಮ 'ಗುಲಾಮಗಿರಿ' ಎಂಬ ಮರಾಠೀ ಗ್ರಂಥವನ್ನು, ಕರಿಯ ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. 1946ರಲ್ಲಿ ಡಾಕ್ಟರ್ ಅಂಬೇಡ್ಕರ್ ಅವರು ಕರಿಯ ಜನರ ಮುಂದಾಳಾದ ಡು ಬೋಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಅಹವಾಲಿನ ವಿಚಾರವಾಗಿ ಕೇಳಿದರು. ಜಾತಿಯೂ ವರ್ಣವೂ ಒಂದೇ ಅಲ್ಲ. ಇವೆರಡರ ಹುಟ್ಟು ಬೇರೆ, ಬೆಳವಣಿಗೆ ಬೇರೆ. ಆದರೆ ಒಬ್ಬ ಮನುಷ್ಯನನ್ನು ಹುಟ್ಟಿನ ಕಾರಣದಿಂದ ದೂರ ನಿಲ್ಲಿಸುವ ವಿಧಾನಗಳಲ್ಲಿ ಹೋಲಿಕೆಯಿದೆ.

ಇನ್ನು ನಮ್ಮ ನಾಡಿಗೆ ಬರೋಣ. ಉದಾಹರಣೆಗಾಗಿ ಶಿವಮೊಗ್ಗೆಯ ಉತ್ತರಕ್ಕಿರುವ ಶಿಕಾರಿಪುರ, ಸೊರಬದ ಸೀಮೆಯನ್ನು ತೆಗೆದುಕೊಳ್ಳುತ್ತೇನೆ. ಇದು ಉಪದೇಶಕ್ಕೆ ಬಡತನವಿದ್ದ ಸೀಮೆಯಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಒಂದು ಕಾಲಕ್ಕೆ ಬನವಾಸಿ ನಾಡಿನ ರಾಜಧಾನಿ. ಅಲ್ಲಿಯ ಕೋಡಿಯ ಮಠವನ್ನು ಬಣ್ಣಿಸುವ 1162ರ ಶಾಸನವು, ದೀನರಿಗೂ ಅನಾಥರಿಗೂ ಅಂಗವಿಕಲರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ, ರೋಗಿಗಳಿಗೆ ಚಿಕಿತ್ಸೆಯಾಗುತ್ತಿತ್ತೆಂದೂ ತಿಳಿಸುತ್ತದೆ. ಅಲ್ಲಮಪ್ರಭುವಿನ ಊರು ಬಳ್ಳಿಗಾವೆಯೆಂದೂ, ಅಕ್ಕಮಹಾದೇವಿಯ ಊರು ಅದೇ ತಾಲ್ಲೂಕಿನ ಉಡುತಡಿಯೆಂದೂ ಸಂಪ್ರದಾಯ ಹೇಳುತ್ತದೆ. ಅವರಿಬ್ಬರೂ ಸೇರಿಕೊಂಡ ಕಲ್ಯಾಣದ ಶರಣರ ಗೋಷ್ಠಿಯಲ್ಲಿ ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಬೀಗತನವಾಯಿತೆಂಬ ಕಥೆ ಪ್ರಸಿದ್ಧವಾದುದು. ಆ ಬೀಗತನಕ್ಕೆ ದೊರೆತ ಪ್ರತಿಫಲ ಮರಣದಂಡನೆಯೆಂಬುದೂ ಅಷ್ಟೇ ಪ್ರಸಿದ್ಧ. ಎಂಟು ಶತಮಾನಗಳಿಂದ ಈ ಸೀಮೆಯಲ್ಲಿ ಸಮತೆಯ ಮಾತು ಕೇಳಿಬರುತ್ತಿದೆ. ಆದರೂ ಊರಾಚೆಯ ಕೇರಿ ಊರಾಚೆಯೇ ಉಳಿದುಕೊಂಡಿತು.

ರಾಜಕಾರಣದ ಅರಿವೂ ಈ ಸೀಮೆಗೆ ಹೊಸದಲ್ಲ. ಇದು ಹಿಂದಿನ ನಗರ ಪ್ರಾಂತಕ್ಕೆ ಸೇರಿದ ನೆಲ. 1830ರಲ್ಲಿ ಕಂದಾಯದ ಭಾರವನ್ನು ತಾಳಲಾರದೆ ನಗರದ ರೈತರು ದಂಗೆಯೆದ್ದರು. ಆ ದಂಗೆಯನ್ನೇ ಮುಖ್ಯ ಕಾರಣವಾಗಿ ತೋರಿಸಿ ಗವರ್ನರ್ ಜನರಲ್ ಬೆಂಟಿಂಕನು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡನು. ಐವತ್ತು ವರ್ಷಗಳ ತರುವಾಯ ರಾಜ್ಯವು ಅರಸರಿಗೆ ಹಿಂದಿರುಗಿದುದು ಆ ಬೀಗ ಕಳಚಿದಂತಾಯಿತು.

ಮೈಸೂರಿನಲ್ಲಿ ಬೇರ್ಪಡಿಕೆಯನ್ನು ಕಾಯಿದೆ ಬರೆದು ಸೃಷ್ಟಿಸಬೇಕಾಗಿರಲಿಲ್ಲ. ಅದು ಬಾವಿಯ ಕಟ್ಟೆಯಲ್ಲಿತ್ತು, ಗುಡಿಯ ಬಾಗಿಲಿನಲ್ಲಿತ್ತು, ಚಾವಡಿಯ ಜಗಲಿಯಲ್ಲಿತ್ತು. ಒಂದು ಸಂಗತಿಯನ್ನು ಗಮನಿಸಬೇಕು. ಮೈಸೂರು ಸೀಮೆಯ ಅನೇಕ ಗ್ರಾಮಗಳಲ್ಲಿ ಕೆರೆಯ ತೂಬೆತ್ತಿ ಯಾರ ಗದ್ದೆಗೆ ಎಷ್ಟು ನೀರೆಂದು ಹಂಚುವ ನೀರಗಂಟಿಯು ಹೊಲಗೇರಿಯವನೇ ಆಗಿರುತ್ತಿದ್ದನು. ಊರಿನ ಬೆಳೆಗೆ ನೀರನ್ನು ಅಳೆದು ಕೊಡುವ ನಂಬಿಕೆಯ ಕೆಲಸ ಅವನದು. ಆದರೆ ಊರ ಬಾವಿಯಿಂದ ಒಂದು ಕೊಡ ನೀರನ್ನು ಸೇದುವ ಹಕ್ಕು ಅವನ ಹೆಂಡತಿಗಿಲ್ಲ. ಮೈಸೂರು ಅರಸರ ಕಾಲದಲ್ಲಿ ಶಿಕಾರಿಪುರದ ಬಳಿ ಅಂಜನಾಪುರದಲ್ಲಿ ಕುಮುದ್ವತೀ ನದಿಗೆ ಕಟ್ಟೆ ಕಟ್ಟಿ ಜಲಾಶಯವನ್ನು ನಿರ್ಮಿಸಿದರು. ಅದರ ಕಾಲುವೆಯ ನೀರು ಗದ್ದೆಯ ಒಡೆಯನ ಜಾತಿಯನ್ನು ವಿಚಾರಿಸದೆ ಹರಿಯಿತು. ನೀರಿಗೆ ಜಾತಿಯಿಲ್ಲವೆಂಬುದನ್ನು ಇಂಜಿನಿಯರನು ಕಾಲುವೆಯಲ್ಲಿ ಸಾಧಿಸಿ ತೋರಿಸಿದನು. ಅದೇ ಮಾತನ್ನು ಬಾವಿಯ ಕಟ್ಟೆಯಲ್ಲಿ ಸಾಧಿಸುವುದು ಯಾವ ಇಂಜಿನಿಯರನಿಂದಲೂ ಆಗತಕ್ಕ ಕೆಲಸವಾಗಿರಲಿಲ್ಲ. ಕಾಲುವೆಯ ನೀರಿಗೆ ಜಾತಿಯಿಲ್ಲದಿದ್ದರೂ, ಕಾಲುವೆಯ ಕೆಳಗಿನ ಭೂಮಿಗೆ ಒಡೆಯರಿದ್ದರು. ಆ ಒಡೆಯರ ಪಟ್ಟಿಯಲ್ಲಿ ನೀರಗಂಟಿಯ ಜನ ಬಹು ವಿರಳ.

ಪ್ರತ್ಯರ್ಪಣೆಯಾದ ವರ್ಷವೇ, 1881ನೆಯ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿದರು. ದೇಶೀಯ ಸಂಸ್ಥಾನಗಳಲ್ಲಿ ಇಂಥದು ಇದೇ ಮೊದಲನೆಯದು. ಪ್ರತಿಯೊಂದು ತಾಲ್ಲೂಕಿನಿಂದ ಒಬ್ಬಿಬ್ಬರು ತಿಳಿವಳಿಕೆಯುಳ್ಳ ಭೂಹಿಡುವಳಿದಾರರು, ಜಿಲ್ಲೆಗಳಿಂದ ಕೆಲವರು ಪ್ರಮುಖ ವರ್ತಕರು, ಹೀಗೆ 144 ಮಂದಿ ಸೇರಿದರು. ಸಭೆಗೆ ಕಾಯಿದೆ ಮಾಡುವ ಅಧಿಕಾರವಿರಲಿಲ್ಲ. ಆಡಳಿತದ ವರದಿಯನ್ನು ಕೇಳಬಹುದು, ಕಷ್ಟಗಳನ್ನು ಅರಿಕೆ ಮಾಡಿಕೊಳ್ಳಬಹುದು, ಅಷ್ಟೆ. ಆದರೂ ಸರ್ಕಾರವು ಪ್ರಜೆಗಳಿಗೆ ಲೆಕ್ಕ ಒಪ್ಪಿಸಬೇಕೆಂಬ ತತ್ತ್ವವನ್ನು ಆ ಸಭೆ ಬೇರೂರಿಸಿತು. ಅದು ಸಣ್ಣ ಉಪಕಾರವಲ್ಲ. 1891ರಿಂದ ಸದಸ್ಯರ ಚುನಾವಣೆಯೂ ಬಂದಿತು. ಆದರೆ ಮತದಾರನಾಗಲು ಇಷ್ಟು ಕಂದಾಯ ಕಟ್ಟಿರಬೇಕು, ಇಲ್ಲವೆ ಇಂಥ ವಿದ್ಯಾರ್ಹತೆಯಿರಬೇಕೆಂಬ ನಿಬಂಧನೆಗಳಿದ್ದವು. ಭೂಮಿಯಿಲ್ಲದ, ಅಕ್ಷರದ ಗಂಧವಿಲ್ಲದ ಕೇರಿಯ ಜನಕ್ಕೆ ಈ ಬಾಗಿಲು ಮುಚ್ಚಿದಂತೆಯೇ. ಮಿಸಿಸಿಪಿಯ ಶಾಸನದಲ್ಲಿ ಇದ್ದ ದುರುದ್ದೇಶ ಇಲ್ಲಿರಲಿಲ್ಲವೆಂದು ಒಪ್ಪತಕ್ಕದ್ದೆ. ಅಲ್ಲಿ ಇದ್ದ ಹಕ್ಕನ್ನು ಕಸಿದರು, ಇಲ್ಲಿ ಹಕ್ಕನ್ನು ಕೊಟ್ಟೇ ಇರಲಿಲ್ಲ. ಆದರೆ ಹೊರಗೆ ನಿಂತವನ ದೃಷ್ಟಿಯಿಂದ ನೋಡಿದರೆ ಈ ಎರಡಕ್ಕೂ ಎಷ್ಟು ಅಂತರ?

ಸಭೆಯ ಬಾಗಿಲು ತೆರೆಯುವ ಮೊದಲೇ ಶಾಲೆಯ ಬಾಗಿಲನ್ನು ತೆರೆಯುವ ಪ್ರಯತ್ನ ನಡೆಯಿತು. ಆರಂಭದಲ್ಲಿ ಕ್ರೈಸ್ತ ಮಿಷನ್ನುಗಳೂ ತರುವಾಯ ಸರ್ಕಾರವೂ, ಆಗಿನ ಕಾಗದಪತ್ರಗಳಲ್ಲಿ ಪಂಚಮರೆಂದು ಕರೆಯಲಾಗುತ್ತಿದ್ದ ಈ ಜನರಿಗೆ ಪ್ರತ್ಯೇಕ ಶಾಲೆಗಳನ್ನು ತೆರೆದವು. ಪ್ರತ್ಯೇಕ ಶಾಲೆ ಎಂಬುದು ಇಬ್ಬಾಯಿಯ ಕತ್ತಿ. ಏನೂ ಇಲ್ಲದ ಕಡೆ ಅದು ಅಕ್ಷರವನ್ನು ಕೊಟ್ಟಿತು; ಅದೇ ಸಮಯದಲ್ಲಿ ಬೇರ್ಪಡಿಕೆಗೆ ಸರ್ಕಾರದ ಮುದ್ರೆಯನ್ನೂ ಒತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಬಂದಿತು. 1915ರಲ್ಲಿ, ಜಾತಿಯ ಕಾರಣದಿಂದ ಯಾವ ಮಗುವಿಗೂ ಸರ್ಕಾರಿ ಶಾಲೆಯ ಪ್ರವೇಶವನ್ನು ನಿರಾಕರಿಸಕೂಡದೆಂಬ ನೀತಿಯನ್ನು ಸರ್ಕಾರ ಕೈಕೊಂಡಿತು. ಕಾಕತಾಳೀಯವೋ ಎಂಬಂತೆ, ತಾತನಿಗೆ ಮತವಿದ್ದವನಿಗೆ ಓದಿನ ಪರೀಕ್ಷೆಯಿಲ್ಲವೆಂಬ ದಕ್ಷಿಣ ರಾಜ್ಯಗಳ ಕುಯುಕ್ತಿಯನ್ನು ಅಮೆರಿಕದ ಪರಮೋಚ್ಚ ನ್ಯಾಯಾಲಯ ತಳ್ಳಿಹಾಕಿದುದೂ ಆ 1915ರಲ್ಲಿಯೇ.

ಎರಡು ಕಡೆಯಲ್ಲಿಯೂ ಅನುಭವ ಒಂದೇ ತೆರನಾಯಿತು. ಅಲ್ಲಿ ಒಂದು ಕುಯುಕ್ತಿ ಬಿದ್ದರೆ ಮತ್ತೊಂದು ಹುಟ್ಟಿತು. ಇಲ್ಲಿ ಆಜ್ಞೆ ಹೊರಟ ಮೇಲೆ ಕೆಲವೆಡೆ ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಮತ್ತೆ ಕೆಲವೆಡೆ ಕೇರಿಯ ಹುಡುಗನನ್ನು ಸೇರಿಸಿಕೊಂಡು ಜಗಲಿಯ ಮೇಲೆ ಕೂರಿಸಿದರು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರುತ್ತಿತ್ತು; ಪಾಠ ಅವನಿಗೆ ಕಿಟಕಿಯ ಮೂಲಕ ಕೇಳಿಸುತ್ತಿತ್ತು. ಆಜ್ಞೆಯನ್ನು ಬರೆದವರು ರಾಜಧಾನಿಯಲ್ಲಿದ್ದರು. ಅದನ್ನು ನಡೆಸಬೇಕಾದ ಉಪಾಧ್ಯಾಯನು, ಶಾನುಭೋಗನು, ಪಟೇಲನು ಊರಿನಲ್ಲಿದ್ದರು. ಅವರು ನಾಳೆಯೂ ಆ ಊರಿನಲ್ಲಿಯೇ ಬಾಳಬೇಕಾಗಿತ್ತು. ಆಜ್ಞೆ ನಡೆಯಲಿಲ್ಲವೆಂದು ದೂರುವ ಧೈರ್ಯ ಕೇರಿಯವನಿಗೆ ಎಲ್ಲಿಂದ ಬರಬೇಕು? ಅವನ ಕೂಳು ಆ ಪಟೇಲನ ಗದ್ದೆಯಲ್ಲಿತ್ತು.

ಈ ನಡುವೆ ಮೈಸೂರಿನ ರಾಜಕಾರಣವು ಬೇರೊಂದು ತಿರುವನ್ನು ಪಡೆಯಿತು. ಸರ್ಕಾರದ ಉದ್ಯೋಗಗಳಲ್ಲಿ ಬ್ರಾಹ್ಮಣರ ಸಂಖ್ಯೆ ಅವರ ಜನಸಂಖ್ಯೆಯ ಪ್ರಮಾಣವನ್ನು ಬಹುವಾಗಿ ಮೀರಿತ್ತು. 1917ರಲ್ಲಿ ಬ್ರಾಹ್ಮಣೇತರ ಮುಖಂಡರು ಪ್ರಜಾಮಿತ್ರ ಮಂಡಲಿಯನ್ನು ಕಟ್ಟಿದರು. ಅವರ ಅಹವಾಲನ್ನು ಆಲಿಸಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಉದ್ಯೋಗಕ್ಕೆ ಯೋಗ್ಯತೆಯೊಂದೇ ಅಳತೆಯಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಯಲ್ಲಿ ದಿವಾನಗಿರಿಯನ್ನು ಬಿಟ್ಟರು. ಸಮಿತಿಯು 1919ರಲ್ಲಿ ವರದಿ ಒಪ್ಪಿಸಿತು. 1921ರಲ್ಲಿ ಸರ್ಕಾರದ ಆಜ್ಞೆ ಹೊರಟಿತು. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆಯೂ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟೂ ಹಿಂದುಳಿದ ಪಂಗಡಗಳಿಗೆ ದೊರೆಯಬೇಕೆಂಬುದು ಅದರ ಗುರಿ. ಭರತಖಂಡದಲ್ಲಿ ಇಂಥ ಕ್ರಮಗಳ ಪೈಕಿ ಇದು ಮೊದಮೊದಲಿನದು. ಅಮೆರಿಕದ ದಕ್ಷಿಣ ರಾಜ್ಯಗಳು ಬಾಗಿಲುಗಳನ್ನು ಮುಚ್ಚುತ್ತಿದ್ದ ಕಾಲದಲ್ಲಿ ಮೈಸೂರು ಒಂದು ಬಾಗಿಲನ್ನು ತೆರೆಯಿತೆಂಬುದನ್ನು ಅಭಿಮಾನದಿಂದಲೇ ಹೇಳಬಹುದು.

ಆದರೆ ತೆರೆದ ಬಾಗಿಲಿನಿಂದ ಮೊದಲು ಒಳಹೊಕ್ಕವರು ಯಾರು? ಸಮಿತಿಯ ವ್ಯಾಖ್ಯೆಯಂತೆ ಬ್ರಾಹ್ಮಣರನ್ನು ಬಿಟ್ಟು ಉಳಿದ ಪಂಗಡಗಳೆಲ್ಲವೂ ಹೆಚ್ಚುಕಡಮೆ ಹಿಂದುಳಿದವುಗಳೇ. ನೂರಾರು ಎಕರೆಯ ಯಜಮಾನನೂ ಅವನ ಜೀತದಾಳೂ ಒಂದೇ ಹೆಸರಿನ ಕೆಳಗೆ ಬಂದರು. ಅತ್ಯಂತ ಕೆಳಗಿನವರಿಗೆ ವಿಶೇಷ ಆದ್ಯತೆ ಇರತಕ್ಕದ್ದೆಂಬ ಮಾತು ಅಲ್ಲಿದ್ದರೂ, ಅರ್ಹತೆಯ ಮೆಟ್ಟಿಲನ್ನು ಹತ್ತಿ ಬಂದವರು ಅವರಲ್ಲಿ ಎಷ್ಟು ಮಂದಿ? ಸಂಖ್ಯೆಯೂ ಭೂಮಿಯೂ ಮತವೂ ಇದ್ದ ಪಂಗಡಗಳು ಮುಂದೆ ಬಂದವು. ಅದು ಅನ್ಯಾಯವಲ್ಲ, ಅವರ ಕೋರಿಕೆಯೂ ನ್ಯಾಯವಾದುದೇ. ಆದರೆ ಯಾರ ಪರವಾಗಿ ಗಟ್ಟಿಯಾಗಿ ಕೇಳುವವರಿದ್ದರೋ ಅವರಿಗೆ ದೊರೆಯಿತೆಂಬ ಪಾಠ ಇದರಲ್ಲಿದೆ. ಕೇರಿಯವರಿಗೆ 1920ರ ದಶಕದಲ್ಲಿ ಆದಿಕರ್ನಾಟಕ, ಆದಿದ್ರಾವಿಡ ಎಂಬ ಗೌರವದ ಹೆಸರುಗಳು ಬಂದವು. ಶಾಸನಸಭೆಗಳಿಗೆ ಅವರಲ್ಲಿ ಕೆಲವರ ನಾಮಕರಣವಾಯಿತು. ನಾಮಕರಣ ಹೊಂದಿದವನು ತನ್ನನ್ನು ನೇಮಿಸಿದವರ ಮುಖವನ್ನು ನೋಡಬೇಕು. ಚುನಾಯಿತನು ತನ್ನನ್ನು ಚುನಾಯಿಸಿದವರ ಮುಖವನ್ನು ನೋಡಬೇಕು. ಈ ವ್ಯತ್ಯಾಸವೇ ರಾಜಕಾರಣದ ಸಾರ.

ಇದನ್ನು ಸ್ಪಷ್ಟವಾಗಿ ಕಂಡವರು ಅಂಬೇಡ್ಕರ್. 1932ರ ಪುಣೆ ಒಪ್ಪಂದದಲ್ಲಿ ಪ್ರತ್ಯೇಕ ಮತವರ್ಗದ ಬೇಡಿಕೆಯನ್ನು ಬಿಟ್ಟುಕೊಟ್ಟು, ಪ್ರಾಂತೀಯ ಶಾಸನಸಭೆಗಳಲ್ಲಿ 148 ಮೀಸಲು ಸ್ಥಾನಗಳನ್ನು ಅವರು ಒಪ್ಪಿಕೊಂಡರು. ಗಾಂಧೀಜಿಯವರು 1927ರಲ್ಲಿಯೂ 1934ರಲ್ಲಿಯೂ ಮೈಸೂರು ಸಂಸ್ಥಾನಕ್ಕೆ ಬಂದರು. 1934ರ ಅವರ ಪ್ರವಾಸ ಅಸ್ಪೃಶ್ಯತೆಯ ನಿವಾರಣೆಗಾಗಿಯೇ. ಇಬ್ಬರ ಮಾರ್ಗ ಬೇರೆ. ಒಬ್ಬರು ಮೇಲ್ಜಾತಿಯ ಮನಸ್ಸಾಕ್ಷಿಯನ್ನು ಎಚ್ಚರಿಸಹೊರಟರು. ಇನ್ನೊಬ್ಬರು ಆ ಮನಸ್ಸಾಕ್ಷಿ ಎಚ್ಚರಗೊಳ್ಳುವವರೆಗೆ ಕಾಯಲಾಗದೆಂದರು. ನಮ್ಮ ಸಂಸ್ಥಾನದ ಅನುಭವ ಎರಡನೆಯವರ ಮಾತನ್ನು ಸಮರ್ಥಿಸುತ್ತದೆಂದು ನನ್ನ ಎಣಿಕೆ. ಸಜ್ಜನ ಅರಸರು, ದಕ್ಷ ದಿವಾನರು, ಒಳ್ಳೆಯ ಆಜ್ಞೆಗಳು, ಈ ಮೂರೂ ಇದ್ದ ರಾಜ್ಯದಲ್ಲಿ, 1915ರ ಶಾಲೆಯ ಆಜ್ಞೆಯಿಂದ 1943ರ ನಾಗರಿಕ ಅನರ್ಹತೆಗಳ ನಿವಾರಣೆಯ ಕಾಯಿದೆಗೆ ಬರಲು 28 ವರ್ಷಗಳು ಹಿಡಿದವು. ದೇವಾಲಯ ಪ್ರವೇಶದ ಕಾಯಿದೆ ಬಂದುದು 1948ರಲ್ಲಿ, ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಸ್ಥಾಪಿತವಾದ ಮೇಲೆ.

ಧೈರ್ಯದ ಕೊರತೆಯಿಂದ ಹೀಗಾಯಿತೆಂದು ಹೇಳುವಂತಿಲ್ಲ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಸ್ವಾತಂತ್ರ್ಯವನ್ನು ಸಾರಿಕೊಂಡಿತು. ಅದಕ್ಕಾಗಿ ಐವರು 1943ರಲ್ಲಿ ಗಲ್ಲಿಗೇರಿದರು. ಅಂಥ ತ್ಯಾಗವನ್ನು ಕಂಡ ನಾಡು ಇದು. ಆದರೆ ದೂರದ ಸರ್ಕಾರವನ್ನು ಎದುರಿಸುವುದು ಒಂದು ಬಗೆಯ ಧೈರ್ಯ. ನೆರೆಮನೆಯವನ ಮುಂದೆ, ಸ್ವಂತ ತಾಯಿತಂದೆಗಳ ಮುಂದೆ, ಬಾವಿಯ ಹಗ್ಗವನ್ನು ಕೇರಿಯವಳ ಕೈಗೆ ಕೊಡುವುದು ಮತ್ತೊಂದು ಬಗೆಯದು. ಎರಡನೆಯದಕ್ಕೆ ಹಾರತುರಾಯಿಗಳು ದೊರೆಯುವುದಿಲ್ಲ.

1950ರಲ್ಲಿ ನಮ್ಮ ಸಂವಿಧಾನದ ಹದಿನೇಳನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅದಕ್ಕೂ ಮಿಗಿಲಾಗಿ, ಪ್ರಾಪ್ತವಯಸ್ಕರಾದ ಗಂಡಸರಿಗೂ ಹೆಂಗಸರಿಗೂ, ಕಂದಾಯದ ರಸೀತಿಯನ್ನಾಗಲಿ ಅಕ್ಷರದ ಪರೀಕ್ಷೆಯನ್ನಾಗಲಿ ಕೇಳದೆ ಮತವನ್ನು ಕೊಟ್ಟಿತು. 1952ರ ಮಹಾಚುನಾವಣೆಯಲ್ಲಿ ಪಟೇಲನಿಗೂ ನೀರಗಂಟಿಗೂ ಒಂದೊಂದೇ ಮತ. ಅಮೆರಿಕದ ದಕ್ಷಿಣದಲ್ಲಿ ಈ ಸ್ಥಿತಿ ಬರಲು 1965ರ ಮತದಾನದ ಹಕ್ಕಿನ ಕಾಯಿದೆಯವರೆಗೆ ಕಾಯಬೇಕಾಯಿತು. ಆ ಕಾಯಿದೆಗೆ ಮೊದಲು ಮಿಸಿಸಿಪಿಯ ಪ್ರಾಪ್ತವಯಸ್ಕ ಕರಿಯರಲ್ಲಿ ನೂರಕ್ಕೆ ಸುಮಾರು 7 ಮಂದಿ ಮಾತ್ರ ಪಟ್ಟಿಯಲ್ಲಿದ್ದರು. ಎರಡು ವರ್ಷಗಳಲ್ಲಿ ಆ ಸಂಖ್ಯೆ ಸುಮಾರು 60ಕ್ಕೆ ಏರಿತು. ಆ ಜನಕ್ಕೆ ರಾಜಕೀಯದಲ್ಲಿ ಆಸಕ್ತಿಯಿಲ್ಲವೆಂದು ದಶಕಗಳ ಕಾಲ ಹೇಳಿಕೊಂಡು ಬಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

ಮತವೊಂದರಿಂದಲೇ ಎಲ್ಲವೂ ಆಗಿಹೋಗಲಿಲ್ಲ. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಅಳತೆಯ ಕೊಳಗಕ್ಕಾಗಿ ಸತ್ಯಾಗ್ರಹ ಹೂಡಬೇಕಾಯಿತು. ಉಳುವವನಿಗೆ ಭೂಮಿಯೆಂಬ ಮಾತು ಕಾಯಿದೆಯಾಗಿ ಬಲಗೊಂಡುದು 1974ರಲ್ಲಿ. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆಸೇವೆಯನ್ನು ತಡೆಯಹೋದ ದಲಿತ ಸಂಘಟನೆಯ ಕಾರ್ಯಕರ್ತರೂ ಪೊಲೀಸರೂ ಜನರ ಗುಂಪಿನಿಂದ ಹಲ್ಲೆಗೊಳಗಾದರು. ಹಳೆಯ ರೂಢಿ ಕಾಯಿದೆಯ ಪುಸ್ತಕವನ್ನು ಓದಿಕೊಂಡು ಹೊರಟುಹೋಗುವುದಿಲ್ಲ. ಆದರೆ 1915ಕ್ಕೂ 1986ಕ್ಕೂ ಒಂದು ಮುಖ್ಯವಾದ ಭೇದವಿದೆ. 1915ರಲ್ಲಿ ಕೇರಿಯವರ ಪರವಾಗಿ ಬೇರೆಯವರು ಆಜ್ಞೆ ಹೊರಡಿಸಿದರು. 1986ರಲ್ಲಿ ಕೇರಿಯವರೇ ಮುಂದೆ ನಿಂತಿದ್ದರು.

ಶ್ರೋತೃಗಳೆ, ನಮ್ಮಂಥ ಓದುಬರಹ ಬಲ್ಲ ಪಟ್ಟಣಿಗರು ಈ ಚರಿತ್ರೆಯನ್ನು ಕೇಳುವಾಗ ಒಂದು ಸಮಾಧಾನವನ್ನು ಹೊಂದುವುದುಂಟು. ಹಳ್ಳಿಯವರ ಅಜ್ಞಾನದಿಂದ ಇದೆಲ್ಲ ಉಳಿಯಿತು, ಆಳುವವರ ಔದಾರ್ಯದಿಂದ ಇದೆಲ್ಲ ಕಳೆಯಿತು ಎಂಬುದೇ ಆ ಸಮಾಧಾನ. ಎರಡೂ ಪೂರ್ತಿ ಸತ್ಯವಲ್ಲ. ಮಿಸಿಸಿಪಿಯ ಸಂವಿಧಾನವನ್ನು ಬರೆದವರು ಅಜ್ಞಾನಿಗಳಲ್ಲ, ಕಾನೂನು ಪಂಡಿತರು. ಮೈಸೂರಿನ ಸಭೆಗೆ ಮತದಾರರ ಅರ್ಹತೆಯನ್ನು ಗೊತ್ತುಪಡಿಸಿದವರೂ ವಿದ್ಯಾವಂತರೇ. ವಿದ್ಯೆಯು ಗೋಡೆಯನ್ನು ಒಡೆಯಬಲ್ಲದು. ಬುದ್ಧಿವಂತಿಕೆಯ ಗೋಡೆಯನ್ನು ಕಟ್ಟಲೂ ಬಲ್ಲದು. ಪ್ರತ್ಯರ್ಪಣೆಯೆಂದರೆ ಕೊಟ್ಟದ್ದನ್ನು ಹಿಂದಕ್ಕೆ ಕೊಡುವುದು. 1881ರಲ್ಲಿ ರಾಜ್ಯವು ಅರಸರಿಗೆ ಪ್ರತ್ಯರ್ಪಣೆಯಾಯಿತು, 1947ರಲ್ಲಿ ಪ್ರಜೆಗಳಿಗೆ. ಊರಿನ ಬಾವಿ, ಶಾಲೆ, ಗುಡಿ, ಸ್ಮಶಾನಗಳು ಊರಿನ ಎಲ್ಲರಿಗೂ ಪ್ರತ್ಯರ್ಪಣೆಯಾದಂದು ಈ ಕೆಲಸ ಮುಗಿಯುತ್ತದೆ. ಅದರ ದಸ್ತಾವೇಜಿಗೆ ಸರ್ಕಾರದ ಮೊಹರೊಂದೇ ಸಾಲದು. ಊರಿನ ಪ್ರತಿಯೊಂದು ಮನೆಯವರೂ ರುಜು ಹಾಕಬೇಕು.